ಮೂವತ್ತೆರಡು ಆಟಗಳ ವರದಿ

ವಿಡಿಯೊ ಗೇಮ್‌ಗಳಲ್ಲಿ ಕಪ್ಪು ಮೈಬಣ್ಣದವರು ನಾಯಕರಾಗುವುದು ಅಪರೂಪ ಎಂದು, ತಾನೂ ಕಪ್ಪಗಿದ್ದ ದಾಕ್ಷಾಯಣಿ ವರದಿ ಬರೆದಳು. ಅವಳು ಕೆಲಸ ಮಾಡುತ್ತಿದ್ದ ಹುಬ್ಬಳ್ಳಿಯ ಪತ್ರಿಕೆಯ ಸುದ್ದಿ ಸಂಪಾದಕ ಬಸವಂತಪ್ಪ ಅದನ್ನು ಮೂರು ಸಲ ಓದಿದರು. ತಮ್ಮ ಕಣ್ಣು ತಪ್ಪಿಸಿ ಒಂದು ಸುಳ್ಳೂ ಅಚ್ಚಾಗುವುದಿಲ್ಲ ಎಂಬ ಜಂಬ ಅವರಿಗಿತ್ತು.

“ಅಪರೂಪ ಅಂದ್ರ ಎಷ್ಟು? ಯಾರರ ಎಣಿಸ್ಯಾರೇನು?”

“ನಾನೇ ಎಣಿಸೀನ್ರಿ ಸರ್. ಮೂವತ್ತೆರಡು ಆಟದಾಗ ಎರಡರಾಗ ಮಾತ್ರ ನಾಯಕ ಕಪ್ಪಗದಾನ.”

“ಇಂಟರ್‌ನೆಟ್‌ನಾಗ ಓದಿ ಬರದದ್ದಲ್ಲ ಹೌದಿಲ್ಲೊ?”

“ಎಲ್ಲಾ ಆಡಿ ನೋಡೀನ್ರಿ. ಹೆಬ್ಬೆರಳು ಬಾತಾವ.”

ಬಸವಂತಪ್ಪ ಅವಳ ಮೊಬೈಲ್ ಇಸಿದುಕೊಂಡು ತಾವೂ ಒಂದು ಆಟ ಆಡಿದರು. ಎರಡೇ ನಿಮಿಷದಲ್ಲಿ ನಾಲ್ಕು ಸಲ ಸತ್ತರು. ಆದರೂ ನಾಯಕನ ಬಣ್ಣ ನೋಡಿಕೊಂಡಿದ್ದರು.

“ಕಂಪನಿಯವ್ರನ್ನ ಕೇಳಿದ್ಯಾ?”

“ಕೇಳೀನ್ರಿ. ಬೆಳ್ಳಗಿದ್ರ ಮಂದಿಗೆ ಹಿಡಸ್ತೈತಿ ಅಂತ ಒಬ್ಬಾಂವ ಮೇಲ್ ಕಳಿಸ್ಯಾನ.”

ಆ ಮೇಲನ್ನೂ ತರಿಸಿಕೊಂಡು ಓದಿದ ಬಸವಂತಪ್ಪನವರಿಗೆ ಸಿಟ್ಟೇ ಬಂತು. “ಮನಷ್ಯಾನ್ನ ಇದ್ದಂಗ ತೋರ್ಸಾಕ ಇವ್ರಿಗೇನು ಧಾಡಿ?” ಎಂದು ಬೈದರು. ಒಂದಕ್ಷರವನ್ನೂ ತಿದ್ದದೆ ವರದಿಯನ್ನು ಮುಖಪುಟಕ್ಕೆ ಕಳಿಸಿ, ಹೆಸರಿನ ಜೊತೆ ದಾಕ್ಷಾಯಣಿಯ ಫೋಟೊವನ್ನೂ ಹಾಕಲು ವಿನ್ಯಾಸ ವಿಭಾಗಕ್ಕೆ ಹೇಳಿದರು.

ಮರುದಿನ ಬೆಳಿಗ್ಗೆ ದಾಕ್ಷಾಯಣಿಯ ತಾಯಿ ಕನ್ನಡಕ ಹಾಕಿಕೊಂಡು ವರದಿಯನ್ನು ಕೊನೆಯತನಕ ಓದಿದರು. ಮಗಳು ಚಹಾ ಹಿಡಿದು ಎದುರಿಗೇ ನಿಂತಿದ್ದಳು.

“ಭಾಳ ಛಲೋ ಬರದೀ,” ಎಂದರು ತಾಯಿ. “ಆದ್ರ ನಿನ್ನ ಹೆಸರಿನ ಬಾಜೂಕ ಈ ಬೆಳ್ಳನ್ನ ಹುಡುಗಿ ಯಾರವಾ?”