ಸೋತವರಿಗೆ ಕಾಸಿದ ಎಣ್ಣೆ

ಎಳ್ಳೆಣ್ಣೆಗೆ ಕರ್ಪೂರ ಹಾಕಿ ಕಾಸಿ ಮಗನ ಮಂಡಿಗೆ ಹಚ್ಚಿದಾಗ ಅವನು “ಸುಡ್ತದಮ್ಮಾ” ಎಂದು ಕಾಲೆಳೆದುಕೊಂಡರೆ, ನಾನು ಮನಸ್ಸಿನಲ್ಲೇ ಮಾರಿಯಮ್ಮನಿಗೆ ಕೈಮುಗಿಯುತ್ತೇನೆ.

ನಾನು ಚಿಕ್ಕವಳಿದ್ದಾಗ ನಮ್ಮೂರು ಹನುಮಂತನಪಟ್ಟಿಯ ಕಬಡ್ಡಿ ತಂಡ ಗೆದ್ದದ್ದನ್ನು ಕಂಡೇ ಇರಲಿಲ್ಲ. ಚಿಕ್ಕಪ್ಪ ಅದರಲ್ಲಿ ಆಡುತ್ತಿದ್ದ. ಸೋತು ಬಂದವರನ್ನೆಲ್ಲ ಅಜ್ಜಿ ಜಗುಲಿಯಲ್ಲಿ ಕೂರಿಸಿ ಎಣ್ಣೆ ತಿಕ್ಕುತ್ತಿದ್ದಳು.

“ಸೋಲೋರಿಗೆ ಯಾಕವ್ವಾ ಇಷ್ಟು ಎಣ್ಣೆ?” ಎಂದು ಅಪ್ಪ ಗೊಣಗುತ್ತಿದ್ದ.

“ಗೆದ್ದೋರಿಗೆ ತಿಕ್ಕಾಕೆ ಊರೆಲ್ಲ ಬತ್ತದೆ, ಬಿಡಪ್ಪಾ.”

ಒಂದು ಮಧ್ಯಾಹ್ನ ಕಂಬಂ ಊರಿನ ತಂಡದ ಎದುರು ಆಡುವಾಗ ಚಿಕ್ಕಪ್ಪ ಗೆರೆಯಾಚೆ ಹಾರಿ, ಬಯಲಿನ ಪಕ್ಕದ ದ್ರಾಕ್ಷಿ ಚಪ್ಪರದ ಕಲ್ಲುಕಂಬಕ್ಕೆ ಬೆನ್ನು ಬಡಿದು ಬಿದ್ದ. ಜೊತೆಯವರು ಹೊತ್ತು ತಂದು ಜಗುಲಿಯಲ್ಲಿ ಮಲಗಿಸಿದರು. ನಾನು ಒಲೆಯಿಂದ ತಂದುಕೊಟ್ಟ ಎಣ್ಣೆ ಬಟ್ಟಲು ಬಟ್ಟೆ ಸುತ್ತಿದ್ದರೂ ಬೆರಳು ಸುಡುತ್ತಿತ್ತು. ಅಜ್ಜಿ ಅವನ ಕಾಲಿಗೆ ಎಣ್ಣೆ ಸುರಿದಳು.

“ಇವತ್ತು ಎಣ್ಣೆ ಕಾಸಲೇ ಇಲ್ವಾ ಅವ್ವಾ?” ಎಂದ ಚಿಕ್ಕಪ್ಪ.

ಅಜ್ಜಿಯ ಕೈ ನಿಂತಿತು. “ಉಸುರು ಉಳಿಸವ್ಳೆ ಮಾರಿಯಮ್ಮ ತಾಯಿ, ಅಷ್ಟು ಸಾಕು,” ಎಂದು ಮತ್ತೆ ತಿಕ್ಕತೊಡಗಿದಳು.

ಮುಂದಿನ ಆಟಕ್ಕೆ ಚಿಕ್ಕಪ್ಪ ಹಟ ಹಿಡಿದು ಮಂಚದ ಸಮೇತ ತನ್ನನ್ನು ಹೊರಿಸಿಕೊಂಡು ಹೋಗಿ, ಗೆರೆಯ ಹೊರಗೆ ನಮ್ಮವರ ಕಡೆಯೇ ಮಲಗಿ ಆಟ ನೋಡಿದ. ಅವತ್ತೂ ಸೋತರು. ಅಜ್ಜಿ ಎಲ್ಲರಿಗೂ ಎಣ್ಣೆ ತಿಕ್ಕಿದಳು. ಅವನಿಗೆ ಕೊನೆಗೆ, ಎಣ್ಣೆ ಪೂರ್ತಿ ಆರಿದ ಮೇಲೆ.