ಕಣ್ಣಿಗೆ ಹರಳೆಣ್ಣೆ

ಹರಳೆಣ್ಣೆಯ ವಾಸನೆ ಬಂದರೆ ಈಗಲೂ ನನಗೆ ರೇಗುತ್ತದೆ.

ಯುದ್ಧದ ಕಾಲ. ಭದ್ರಾವತಿಯ ನಮ್ಮ ಬಚ್ಚಲಲ್ಲಿ ಅಜ್ಜಿ ಚಿಕ್ಕಪ್ಪನ ತಲೆಗೆ ಎಣ್ಣೆ ತಟ್ಟುತ್ತಿದ್ದಳು. ವಾಯುಸೇನೆ ಸೇರಲು ಅವನಿಗೆ ಅಂದು ಮಧ್ಯಾಹ್ನ ಶಿವಮೊಗ್ಗದಲ್ಲಿ ಕಣ್ಣಿನ ಪರೀಕ್ಷೆಯಿತ್ತು.

“ಎಷ್ಟು ಸಲ ಹೇಳ್ಲಮ್ಮ? ಯುದ್ಧ ಮುಗಿದ್ಮೇಲೆ ಜನ ಕೂರೋ ವಿಮಾನ ಓಡಿಸ್ತೀನಿ. ನಿನ್ನನ್ನೂ ಕಾಶಿಗೆ ಕರ್ಕೊಂಡು ಹೋಗ್ತೀನಿ.”

“ಕಾಶಿಗೆ ರೈಲಿದೆ ಮಾರಾಯ. ಕಣ್ಣು ಬಿಡು, ತಂಪಾಗ್ಲಿ,” ಎನ್ನುತ್ತ ಅಜ್ಜಿ ಎರಡೂ ಕಣ್ಣಿಗೆ ಎಣ್ಣೆ ಬಿಟ್ಟಳು. ನಾನು ಚೆಂಬು ಹಿಡಿದು ನಿಂತಿದ್ದೆ.

ಸಂಜೆ ಚಿಕ್ಕಪ್ಪ ಬಂದವನೇ ಟೋಪಿ ಎಸೆದ. “ಒಂದಕ್ಷರಾನೂ ಕಾಣ್ಲಿಲ್ಲ, ಎಲ್ಲಾ ಮಂಜುಮಂಜು! ವಾಪಸ್ ಕಳಿಸಿಬಿಟ್ರು!”

“ರೂಢಿ ಕಣೋ, ಕೈ ತಡೀಲಿಲ್ಲ,” ಎಂದಳು ಅಜ್ಜಿ, ಅಕ್ಕಿಯಲ್ಲಿ ಕಲ್ಲು ಹುಡುಕುತ್ತ.

ನಮ್ಮ ಮನೆಯಲ್ಲಿ ಗಂಡಸರ ಎಣ್ಣೆಸ್ನಾನ ಶನಿವಾರ ಮಾತ್ರ. ಅಂದು ಗುರುವಾರ.