ಅಜ್ಜಿ ಸಾಯುವ ದೃಶ್ಯ

ಮಾರ್ತಾಂಡ ಸರ್ ಕೆಂಪು ಪೆನ್ನು ಒತ್ತಿ ಸೊನ್ನೆ ಹಾಕಿದರು. ಒತ್ತಿದ ಸಿಟ್ಟಿಗೆ ಕೆಳಗಿನ ಹಾಳೆಯ ಮೇಲೂ ಸೊನ್ನೆ ಮೂಡಿತು.

ಅದು ಪೂನಮಳ ನೋಟ್‌ಬುಕ್ಕು. ಬಿ.ಎ. ಕೊನೆಯ ವರ್ಷದ ಹುಡುಗಿ, ದಿನಾ ನಂದಗಡದಿಂದ ಹೊರಟು ಖಾನಾಪುರದಲ್ಲಿ ಬಸ್ಸು ಬದಲಿಸಿ ಬೆಳಗಾವಿಯ ಕಾಲೇಜಿಗೆ ಬರುವವಳು. 'ನನ್ನ ಸ್ವಂತ ಪ್ರತಿಕ್ರಿಯೆ' ಎಂಬ ಅಸೈನ್‌ಮೆಂಟಿಗೆ ಇಪ್ಪತ್ತು ಅಂಕ. ಒಂದು ಕವಿತೆಗೆ ಹತ್ತು, ಕಾದಂಬರಿ ಆಧರಿಸಿದ ಒಂದು ಸಿನಿಮಾಕ್ಕೆ ಹತ್ತು. ಒಟ್ಟು ಎಂಟಾದರೂ ಬಾರದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ಒಂದು ವರ್ಷ ಹೋಯಿತೆಂದೇ ಲೆಕ್ಕ.

ಕವಿತೆಯ ಬಗ್ಗೆ ಈ ಮಹಾತಾಯಿ ಬರೆದದ್ದು ಹೀಗೆ: 'ಮೂರನೇ ಸಾಲಿಗೇ ನನಗೆ ಬೇಸರ ಬಂತು. ತೊಯ್ದ ಕುರಿ ಮಲ್ಲಿಗೆಯ ಹಾಗೆ ಘಮಘಮಿಸುತ್ತದಂತೆ. ಕವಿಗಳು ಒಮ್ಮೆ ನಮ್ಮ ಹಟ್ಟಿಗೆ ಬಂದು ಮೂಸಿ ನೋಡಲಿ.' ಕವಿತೆಗೆ ಮೂಗು ಮುರಿಯುವಷ್ಟು ದೊಡ್ಡವಳಾದಳೇ! ಆದರೂ ಸರ್ ದೊಡ್ಡ ಮನಸ್ಸು ಮಾಡಿ ಮೂರು ಅಂಕ ಕೊಟ್ಟಿದ್ದರು.

ಸಿನಿಮಾದ ಪುಟದಲ್ಲಿ ಇದ್ದದ್ದು ಎರಡೇ ಸಾಲು. 'ಈ ಸಿನಿಮಾವನ್ನು ನಾನು ನೋಡಿಲ್ಲ. ಹಾಗಾಗಿ ನನಗೆ ಯಾವ ಪ್ರತಿಕ್ರಿಯೆಯೂ ಇಲ್ಲ.'

ಥೂ, ಎಂಥ ಸೊಕ್ಕು! ಉಳಿದ ನಲವತ್ತೊಂದು ಮಕ್ಕಳಿಗೆ ಬಂದ ಪ್ರತಿಕ್ರಿಯೆ ಇವಳೊಬ್ಬಳಿಗೆ ಬರಲಿಲ್ಲವೆಂದರೆ ಏನರ್ಥ? 'ಹಟ್ಟಿಯ ಕಡೇ ದೀಪ' ಎಂಬ ಆ ಸಿನಿಮಾದ ಬಗ್ಗೆ ಹೃಷೀಕೇಶ ಐದು ಪುಟ ಅತ್ತಿದ್ದ. ಕುರಿಗಾರರ ಅಜ್ಜಿ ಸಾಯುವ ಕೊನೆಯ ದೃಶ್ಯದಲ್ಲಿ 'ನನಗರಿವಿಲ್ಲದೆಯೇ ಕಣ್ಣಾಲಿಗಳು ತುಂಬಿ ಬಂದವು' ಎಂದು ನಲವತ್ತೊಂದೂ ನೋಟ್‌ಬುಕ್ಕುಗಳಲ್ಲಿತ್ತು. ಅದು ಸರ್ ಬರೆದ ಗೈಡಿನ ಎಪ್ಪತ್ತೆರಡನೇ ಪುಟದ ವಾಕ್ಯ. ಮೂರು ಆವೃತ್ತಿ ಕಂಡ ಗೈಡು! ತಮ್ಮ ಕಣ್ಣೀರು ಇಷ್ಟು ಕಣ್ಣುಗಳಲ್ಲಿ ಹರಿದದ್ದಕ್ಕೆ ಸರ್ ಎಲ್ಲರಿಗೂ ಒಂಬತ್ತೊಂಬತ್ತು ಅಂಕ ಹಾಕಿದ್ದರು.

ಈ ಹುಡುಗಿ ಕ್ಲಾಸಿನಲ್ಲೂ ತಕರಾರು ತೆಗೆದಿದ್ದಳು. "ಫೋನಿನ್ಯಾಗ ಭಾಳ ಹುಡುಕಿದೆ, ಸಿಗವಲ್ದರೀ ಸರ. ನೀವು ಎಲ್ಲಿ ನೋಡಿದ್ರಿ?"

"ನಾ ನೋಡಿದ ಟಾಕೀಜು ಕೆಡವಿ ಕಾಂಪ್ಲೆಕ್ಸ್ ಕಟ್ಟ್ಯಾರ. ನಿನಗ ಸಿಗದ್ದು ಉಳಿದವರಿಗೆಲ್ಲಾ ಹೆಂಗ ಸಿಕ್ತು?" ಎಂದು ಸರ್ ಕೇಳಿದ್ದರು. ಕ್ಲಾಸು ಹೋ ಎಂದು ನಕ್ಕಿತು.

ಅಪ್ಪನನ್ನು ಕರೆದುಕೊಂಡು ಬಾ ಎಂದಾಯಿತು. ಮರುದಿನ ಸತ್ಯಪ್ಪ ಮಚ್ಛೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಎಣ್ಣೆ ಕಲೆಯ ಅಂಗಿಯಲ್ಲೇ ವಿಭಾಗದ ಕೋಣೆಗೆ ಬಂದ. ಪೂನಮ ಅವನ ಹಿಂದೆ ನಿಂತಳು. ಅಂಕಪಟ್ಟಿಗೆ ಸಹಿ ಮಾಡಲು ವಿಭಾಗದ ಮುಖ್ಯಸ್ಥೆ ಕುಂದಾ ಮೇಡಂ ಪೆನ್ನು ತೆರೆದು ಕೂತಿದ್ದರು.

"ಬರ್ರಿ, ಕುಂದರ್ರಿ," ಎಂದರು ಸರ್, ಖುರ್ಚಿ ತೋರಿಸದೆ. "ನಿಮ್ಮ ಮಗಳಿಗೆ ಸಾಹಿತ್ಯ ಅಂದ್ರ ಚೇಷ್ಟಿ ಆಗೇತಿ. ಒಂದು ಪಿಚ್ಚರ್ ನೋಡಿ ನಾಲ್ಕ ಮಾತು ಬರಿಯಾಕ ಆಗಂಗಿಲ್ಲಂದ್ರ ಸಾಲಿ ಯಾಕ ಬೇಕು?"

ಸತ್ಯಪ್ಪ ನೋಟ್‌ಬುಕ್ಕು ಈಸಿಕೊಂಡ. ಸಿನಿಮಾದ ಹೆಸರಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದ. ಅವನಿಗೆ ಅಕ್ಷರ ಕೂಡಿಸಲಿಕ್ಕೂ ಇಷ್ಟು ಹೊತ್ತು ಬೇಕಲ್ಲ ಎಂದು ಸರ್‌ಗೆ ಕನಿಕರವೇ ಬಂತು.

"ಇರ್ಲಿ, ಬಡವರ ಹುಡುಗಿ," ಎಂದು ಸರ್ ಧಾರಾಳವಾದರು. "ವರ್ಷ ಹಾಳಾಗೂದು ಬ್ಯಾಡ. ಇಲ್ಲೇ ಕುಂತು ಎಲ್ಲಾರೂ ಬರದಂಗ ಬರಿಲಿ. ಅಜ್ಜಿ ಸಾಯೂ ಸೀನ್ ನೋಡಿ ಅಳು ಬಂತು ಅಂತ ಬರದ್ರ ಸಾಕು, ಐದು ಕೊಡ್ತೀನಿ. ಎಂಟಾಗ್ತದ."

"ಅಜ್ಜಿ ಸತ್ತಾಳಂತ ನಾ ಬರಿಯಾಂಗಿಲ್ರೀ ಸರ," ಎಂದಳು ಪೂನಮ. ಕಣ್ಣಲ್ಲಿ ನೀರಿತ್ತು. ಪರೀಕ್ಷೆ ಕೈತಪ್ಪುವ ಭಯ ಮುಖದ ಮೇಲೆಯೇ ಇತ್ತು. ಆದರೂ ಹಟ ಬಿಡಲಿಲ್ಲ.

"ನೋಡಿದ್ರೇನು?" ಸರ್ ಮೇಡಂ ಕಡೆ ತಿರುಗಿದರು. "ಸೊನ್ನೆನೇ ಇರ್ಲಿ, ಸಹಿ ಮಾಡ್ರಿ."

"ಸರ, ಒಂದs ಮಾತು," ಎಂದ ಸತ್ಯಪ್ಪ. "ಈ ಪಿಚ್ಚರ್ ನೀವು ಖರೇನ ನೋಡೀರೇನ್ರಿ?"

ಪೂನಮ ಅಪ್ಪನ ತೋಳು ಹಿಡಿದು ಎಳೆದಳು. "ಬ್ಯಾಡ ಅಪ್ಪಾ. ನಡಿ, ಹೋಗೂಣು."

ಮಗಳಿಗಾದರೂ ಸ್ವಲ್ಪ ನಾಚಿಕೆ ಉಳಿದಿದೆ ಎಂದುಕೊಂಡರು ಸರ್. "ಮೂರು ಸಲ ನೋಡೇನಿ! ಮುದುಕಿ ಸಾಯೂ ಹೊತ್ತಿಗೆ ಇಡೀ ಟಾಕೀಜು ಬಿಕ್ಕಿ ಬಿಕ್ಕಿ ಅಳ್ತಿತ್ತು."

"ನಾನೂ ನೋಡೇನಿ," ಎಂದರು ಕುಂದಾ ಮೇಡಂ, ಹಿಂದೆ ಬೀಳಬಾರದಲ್ಲ. "ಅಯ್ಯ, ಆ ಮುದುಕಿ ಎಷ್ಟ ಛಂದ ಸಾಯ್ತಾಳ್ರೀ!"

ಸತ್ಯಪ್ಪ ನೋಟ್‌ಬುಕ್ಕು ಮುಚ್ಚಿ ಮೇಜಿನ ಮೇಲಿಟ್ಟ. ಸರ್‌ ಮುಖ ನೋಡಲು ಅವನಿಗೇ ಸಂಕೋಚವಾಯಿತು.

"ಆ ಮುದುಕಿ ನಮ್ಮವ್ವ ಭರಮವ್ವರೀ ಸರ, ಇವತ್ತಿಗೂ ಗಟ್ಟಿ ಅದಾಳ. ಹದಿನಾರು ವರ್ಷದ ಹಿಂದ ನಮ್ಮ ಮನ್ಯಾಗs ಎಂಟು ದಿನ ಶೂಟಿಂಗ್ ಮಾಡಿದ್ರು. ಬದುಕಿದ್ದಾಕಿನ ಅಂಗಳದಾಗ ಹೆಣದಂಗ ಕುಂದರ್ಸಿ ಹಾರ ಹಾಕ್ತೀವಿ ಅಂದಾಗ ಅಪಶಕುನ ಅಂತ ಆಕಿ ಎದ್ದ ನಿಂತ್ಲು, ಊರ ಹಿರ್ಯಾರೂ ಅಡ್ಡ ಬಂದ್ರು. ಅವ್ರು ಗಂಟುಮೂಟಿ ಕಟ್ಟಿ ಹೋದವ್ರು ತಿರುಗಿ ಬರಲಿಲ್ಲ. ಆ ಪಿಚ್ಚರ್ ತಯಾರಾಗ್ಲೇ ಇಲ್ರೀ."